ಕೊಳಗ ಯಾರ ಕೈಯಲ್ಲಿದೆ?

ಸೊರಬಕ್ಕೆ ತಾಗಿದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು, ಎಚ್. ಗಣಪತಿಯಪ್ಪನವರು ರೈತರನ್ನು ಒಗ್ಗೂಡಿಸಿದ್ದು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತದ್ದು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು, ಇವೆಲ್ಲ ಕೆಎಎಸ್‌ಗೋ ಪಿಡಿಒ ಹುದ್ದೆಗೋ ಓದುತ್ತಿರುವ ನಿಮಗೆ ಬಾಯಿಪಾಠವಾಗಿರುತ್ತದೆ. ಜಗಳ ಹತ್ತಿಕೊಂಡದ್ದು ಯಾವುದರಿಂದ ಎಂದು ಕೇಳಿದರೆ ಮಾತ್ರ ಬಹಳ ಮಂದಿ ತಡವರಿಸುತ್ತಾರೆ. ಗೇಣಿ ಭತ್ತ ಅಳೆಯುವ ಕೊಳಗದಿಂದ. ಒಡೆಯರ ಅಂಗಳದಲ್ಲಿ ಅಳೆಯುತ್ತಿದ್ದ ಕೊಳಗ ಲೆಕ್ಕದ ಕೊಳಗಕ್ಕಿಂತ ದೊಡ್ಡದು. ಇಂತಿಷ್ಟು ಕೊಳಗ ಗೇಣಿ ಎಂದು ಮಾತಾಗಿರುತ್ತದೆ, ರೈತ ಅಷ್ಟೇ ಕೊಳಗ ಅಳೆದು ಕೊಡುತ್ತಾನೆ, ಎಣಿಕೆಯಲ್ಲಿ ಒಂದೂ ತಪ್ಪಿರುವುದಿಲ್ಲ. ಮನೆಗೆ ಹೋಗಿ ನೋಡಿದರೆ ಕಣಜ ಅರ್ಧ. ಎಣಿಕೆ ಸರಿಯಿದ್ದೂ ಅನ್ಯಾಯ ಆಗಬಹುದು ಎನ್ನುವುದು ಓದು ಬರಹ ಬಾರದ ಗೇಣಿದಾರರಿಗೆ ತಿಳಿದಿತ್ತು. ನಮ್ಮ ಪದವೀಧರರಿಗೆ ಅದನ್ನು ಬಿಡಿಸಿ ಹೇಳಬೇಕಾಗುತ್ತದೆ, ಏನು ಮಾಡೋಣ.

ಊರಿಗೆ ಬಂದಾಗಲೆಲ್ಲ ನೀವು ನನ್ನ ಹತ್ತಿರ ಒಂದೇ ಪ್ರಶ್ನೆ ತರುತ್ತೀರಿ. ನಮ್ಮ ತಾಲ್ಲೂಕು ಮುಂದುವರಿದಿದೆಯೋ ಇಲ್ಲವೋ? ಶಿಕಾರಿಪುರದವರು ಜೋಡಿ ರಸ್ತೆ, ಆಸ್ಪತ್ರೆ, ಕೆರೆ ತುಂಬಿಸುವ ಏತ ನೀರಾವರಿ, ಬರಲಿರುವ ರೈಲು ಎಂದು ಬೆರಳು ಮಡಚುತ್ತಾರೆ. ಸೊರಬದವರು ಅದನ್ನು ಕೇಳಿ ನಿಟ್ಟುಸಿರು ಬಿಡುತ್ತಾರೆ. ಎರಡೂ ಕಡೆಯವರು ಕೊನೆಗೆ ಮೊಬೈಲು ತೆಗೆದು ತಲಾ ಆದಾಯ ಎಷ್ಟು, ಜಿಲ್ಲೆಯ ಉತ್ಪನ್ನ ಎಷ್ಟು ಎಂದು ಹುಡುಕುತ್ತಾರೆ. ಆ ಅಂಕಿ ಸುಳ್ಳೆಂದು ನಾನು ಹೇಳುವುದಿಲ್ಲ. ಅದು ಯಾವ ಕೊಳಗದಲ್ಲಿ ಅಳೆದದ್ದು ಎಂದು ಕೇಳಿಕೊಳ್ಳಿ ಎನ್ನುತ್ತೇನೆ, ಅಷ್ಟೆ.

ಸರ್ಕಾರಿ ನೌಕರಿಯಲ್ಲಿದ್ದಷ್ಟು ಕಾಲ ನಾನು ಅಳೆಯುವ ಕೆಲಸವನ್ನೇ ಮಾಡಿದವನು. ಬೆಳೆ ಕಟಾವು ಪ್ರಯೋಗ ಎಂದರೆ ಏನೆಂದು ನಿಮ್ಮಲ್ಲಿ ಎಷ್ಟು ಜನ ಕಣ್ಣಾರೆ ನೋಡಿದ್ದೀರೋ ಗೊತ್ತಿಲ್ಲ. ಯಾವ ಸರ್ವೆ ನಂಬರಿನ ಗದ್ದೆ ಎನ್ನುವುದನ್ನು ಆರಿಸುವ ಅಧಿಕಾರ ನಮಗಿಲ್ಲ, ಅದು ಪಟ್ಟಿಯಲ್ಲಿ ಬಂದಿರುತ್ತದೆ. ಗದ್ದೆಯ ನೈಋತ್ಯ ಮೂಲೆಯಲ್ಲಿ ನಿಂತು, ಕೊಟ್ಟ ಅಂಕಿಯಷ್ಟು ಹೆಜ್ಜೆ ಉದ್ದಕ್ಕೆ, ಮತ್ತಷ್ಟು ಹೆಜ್ಜೆ ಅಗಲಕ್ಕೆ ನಡೆದು ಅಲ್ಲೊಂದು ಗೂಟ ಹೊಡೆಯಬೇಕು. ಅಲ್ಲಿಂದ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ. ಮೂಲೆಯಿಂದ ಮೂಲೆಗೆ ಹಗ್ಗ ಎಳೆದು 7 ಮೀಟರಿಗೆ ಒಂದಿಷ್ಟು ಹೆಚ್ಚು ಬಂದರೆ ಚೌಕ ನೆಟ್ಟಗಿದೆ ಎಂದರ್ಥ. ಹಗ್ಗದ ಮೇಲೆ ಬಿದ್ದ ಬುಡಕ್ಕೆ ಯಾವಾಗಲೂ ತಕರಾರು, ಬೇರು ಒಳಗಿದ್ದರೆ ಲೆಕ್ಕಕ್ಕೆ, ಹೊರಗಿದ್ದರೆ ಇಲ್ಲ. ಕೊಯ್ದು, ಬಡಿದು, ತೂರಿ, ತೂಗಿದರೆ ಸಿಗುವ ಕಿಲೋಗ್ರಾಮುಗಳು ಕಾಗದದಲ್ಲಿ ಶಿವಮೊಗ್ಗಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೋಗುತ್ತವೆ. ಅಂಥ ಸಾವಿರಾರು ಚೌಕಗಳಿಂದ ರಾಜ್ಯದ ಭತ್ತದ ಇಳುವರಿ, ಇಳುವರಿಗೆ ಬೆಲೆ ಕಟ್ಟಿದರೆ ಕೃಷಿಯ ಉತ್ಪನ್ನ. ಬೆಳೆ ವಿಮೆಯ ಹಣ ಬರುವುದೂ ಬಾರದಿರುವುದೂ ಈಗ ಬಹುಮಟ್ಟಿಗೆ ಆ ಚೌಕದ ಮೇಲೆ ನಿಂತಿದೆ.

ನಿಯಮದ ಪ್ರಕಾರ ಮಾಡಿದರೆ ಅದು ಪ್ರಾಮಾಣಿಕವಾದ ಕೆಲಸ. ಈ ವಿದ್ಯೆಯನ್ನು ನಾನು ಇಂದಿಗೂ ಬಿಟ್ಟುಕೊಡಲಾರೆ. ಆದರೆ ಹಗ್ಗದ ಆಚೆಗಿನದೂ ನಮ್ಮ ಕಣ್ಣಿಗೆ ಬೀಳುತ್ತಿತ್ತು. ಬದುವಿನಲ್ಲಿ ಒಂದೆಲಗ ಕೀಳುವ ಅಜ್ಜಿ, ಕಾಲುವೆಯಲ್ಲಿ ಏಡಿ ಹಿಡಿಯುವ ಹುಡುಗರು, ನಡುಹೊತ್ತಿಗೆ ನಮಗೆಲ್ಲ ಅನ್ನ, ಹುರುಳಿ ಸಾರು ಮಾಡಿಟ್ಟು ಕರೆಯುತ್ತಿದ್ದ ಮನೆಯಾಕೆ. ತೂಗಿದ ಭತ್ತಕ್ಕೆ ಕಾಲಂ ಇದೆ. ಅದೇ ಭತ್ತ ಅಕ್ಕಿಯಾಗಿ ಆಕೆಯ ಒಲೆಯ ಮೇಲೆ ಅನ್ನವಾದರೆ ಆ ಕೆಲಸಕ್ಕೆ ಕಾಲಂ ಇಲ್ಲ. ಶಿರಾಳಕೊಪ್ಪದ ಬಸ್ ನಿಲ್ದಾಣದ ಹೋಟೆಲಿನಲ್ಲಿ ಬೆಂದರೆ ಅದು ದೇಶದ ಉತ್ಪನ್ನ! 2019ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಮಾಡುವ ಗಂಡಸರು 97 ನಿಮಿಷ ಕೊಡುತ್ತಾರೆ ಎಂದು ತಿಳಿದುಬಂತು. ದಿನಕ್ಕೆ ಐದು ಗಂಟೆ, ವಾರದ ರಜೆಯಿಲ್ಲ, ಪಿಂಚಣಿಯಿಲ್ಲ, ಜಿಡಿಪಿಯಲ್ಲಿ ಸೊನ್ನೆ. ನಿಮ್ಮ ಅಮ್ಮನ ಮುಂದೆ ಕೂತು ತಲಾ ಆದಾಯದ ಬಗ್ಗೆ ಭಾಷಣ ಮಾಡುವ ಮುಂಚೆ ಇದನ್ನೊಮ್ಮೆ ನೆನೆಸಿಕೊಳ್ಳಿ.

ಈ ಕೊಳಗವನ್ನು ಮಾಡಿದವರೇನು ದಡ್ಡರಲ್ಲ, ಕೆಟ್ಟವರೂ ಅಲ್ಲ. ಭಾರತೀಯನೊಬ್ಬನ ಸರಾಸರಿ ಆದಾಯವನ್ನು ಮೊದಲು ಲೆಕ್ಕ ಹಾಕಿದವರು ದಾದಾಭಾಯಿ ನವರೋಜಿ. 1867–68ನೇ ಸಾಲಿಗೆ ಅವರಿಗೆ ಸಿಕ್ಕ ಅಂಕಿ ತಲೆಗೆ 20 ರೂಪಾಯಿ. ಅದನ್ನು ಅವರು ಜೈಲಿನ ಕೈದಿಗೆ ಸರ್ಕಾರ ಖರ್ಚು ಮಾಡುವ ಅನ್ನ, ಬಟ್ಟೆಯ ಜೊತೆ ಇಟ್ಟು ನೋಡಿದರು. ಅಪರಾಧಿಗೆ ಸಿಗುವಷ್ಟೂ ಒಬ್ಬ ನಿರಪರಾಧಿಗೆ ಸಿಗುತ್ತಿಲ್ಲ ಎಂದು ಬ್ರಿಟಿಷರಿಗೆ ತೋರಿಸಿದರು. ಆಮೇಲೆ ಬಂದವರು ವಿ.ಕೆ.ಆರ್.ವಿ. ರಾವ್. 1931–32ರ ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ಆದಾಯವನ್ನು ಅಂದಾಜಿಸಿದವರು, ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಹೋದರು, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಕಟ್ಟಿದರು. ಇನ್ನು ಅಮೆರಿಕದ ಸೈಮನ್ ಕುಜ್ನೆಟ್ಸ್ 1934ರಲ್ಲಿ ತಮ್ಮ ದೇಶದ ಸಂಸತ್ತಿಗೆ ರಾಷ್ಟ್ರೀಯ ಆದಾಯದ ಮೊದಲ ದೊಡ್ಡ ಲೆಕ್ಕ ಒಪ್ಪಿಸುವಾಗಲೇ, ಇದರಿಂದ ಜನರ ಕ್ಷೇಮವನ್ನು ಊಹಿಸಲು ಹೋಗಬೇಡಿ ಎಂದು ಎಚ್ಚರಿಸಿದ್ದರು. ಆ ಎಚ್ಚರಿಕೆಯನ್ನು ಕೇಳಿಸಿಕೊಂಡವರು ಕಡಿಮೆ.

ಯಾಕೆ ಕೇಳಿಸಿಕೊಳ್ಳಬೇಕಿತ್ತು ಎನ್ನುವುದಕ್ಕೆ ಸೊರಬಕ್ಕಿಂತ ಬೇರೆ ಪಾಠಶಾಲೆ ಬೇಡ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸೌದೆಗೆ, ಸೊಪ್ಪಿಗೆ, ದನ ಮೇಯಿಸಲು ಕಾಡಿಗೆ ಹೋದವರಿಗೆ ಜ್ವರ ಬಂತು, ಕೆಲವರಿಗೆ ರಕ್ತಸ್ರಾವವಾಯಿತು, ಸಾವುಗಳಾದವು. ಆಫ್ರಿಕಾದ ಹಳದಿ ಜ್ವರವೇ ಬಂದುಬಿಟ್ಟಿತೇ ಎಂದು ಮೊದಲು ಗಾಬರಿಪಟ್ಟರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ ಅದು ಹೊಸ ವೈರಸ್, ಉಣುಗಿನ ಮೂಲಕ ಹರಡುವಂಥದ್ದು. ಲೋಕದ ವೈದ್ಯಗ್ರಂಥಗಳಲ್ಲಿ ಇಂದಿಗೂ ಆ ಕಾಯಿಲೆಗೆ ಕ್ಯಾಸನೂರಿನದೇ ಹೆಸರು, ನಮ್ಮ ಬಾಯಲ್ಲಿ ಮಂಗನ ಕಾಯಿಲೆ. ಕಾಡು ಕಡಿದು ಅಂಚುಗಳಲ್ಲಿ ಗದ್ದೆಯೂ ದನವೂ ಹೆಚ್ಚಿದ್ದಕ್ಕೂ ಉಣುಗು ಹೆಚ್ಚಿದ್ದಕ್ಕೂ ನಂಟಿದೆ ಎಂದು ಸಂಶೋಧಕರು ಬಹಳ ಹಿಂದೆಯೇ ಗುರುತಿಸಿದರು.

ಈಗ ಉತ್ಪನ್ನದ ಪುಸ್ತಕ ತೆರೆದು ನೋಡೋಣ. ಮರ ಕಡಿದು ಮಾರಿದ್ದು ಆದಾಯ. ಬೋಳಾದ ಜಾಗದಲ್ಲಿ ಶುಂಠಿ ಬೆಳೆದದ್ದು ಆದಾಯ, ಅದಕ್ಕೆ ಹೊಡೆದ ಔಷಧಿ ಅಂಗಡಿಯವನಿಗೆ ಆದಾಯ. ಜಲ ಬತ್ತಿ ಕೊಳವೆಬಾವಿ ಕೊರೆಸಿದ್ದು ಆದಾಯ, ಅದೂ ಬತ್ತಿ ಟ್ಯಾಂಕರ್ ತರಿಸಿದ್ದು ಆದಾಯ. ಜ್ವರ ಬಂದವನನ್ನು ಮಣಿಪಾಲಕ್ಕೆ ಸಾಗಿಸಿದ ಗಾಡಿಯ ಬಾಡಿಗೆ, ಆಸ್ಪತ್ರೆಯ ಬಿಲ್ಲು ಎಲ್ಲ ಆದಾಯ. ಎಲ್ಲವೂ ಒಂದೇ ಬದಿಯಲ್ಲಿ ಕೂಡಿಕೊಳ್ಳುತ್ತ ಹೋಗುತ್ತವೆ. ಹೋದ ಕಾಡು, ಹೋದ ಜಲ, ಹೋದ ಜೀವ ಬರೆಯಲು ಆ ಪುಸ್ತಕದಲ್ಲಿ ಎದುರು ಪುಟವೇ ಇಲ್ಲ. ಕಿರಾಣಿ ಅಂಗಡಿಯವನು ಹೀಗೆ ಲೆಕ್ಕ ಬರೆದರೆ ಆರು ತಿಂಗಳಲ್ಲಿ ಬಾಗಿಲು ಹಾಕುತ್ತಾನೆ.

ಸೊರಬದ ಕಾನುಗಳ ಕಥೆಯೂ ಇದಕ್ಕೇ ಸೇರಿದ್ದು. ಕಾನು ಎಂದರೆ ಬರೀ ಕಾಡಲ್ಲ ಎಂದು ನಿಮಗೆ ಹೇಳಬೇಕಾಗಿಲ್ಲ. ಸುತ್ತ ಎಲೆ ಉದುರುವ ಕಾಡಿದ್ದರೂ ಒಳಗೆ ಸದಾ ಹಸಿರು, ಬೈನೆ, ಹಲಸು, ಮರಕ್ಕೆ ಹಬ್ಬಿದ ಕಾಡುಮೆಣಸು, ನಡುವೆ ಎಲ್ಲೋ ಒಂದು ಜಲ, ಅದರ ಪಕ್ಕ ಚೌಡಿಯೋ ಹುಲಿಯಪ್ಪನೋ ಜಟ್ಟಕನೋ. ಕೊಡಲಿ ಹಾಕಬಾರದೆಂದು ಊರೇ ಕಟ್ಟು ಮಾಡಿಕೊಂಡಿತ್ತು. ಮೆಣಸು ಕೊಯ್ಯಬಹುದು, ಬೈನೆ ಇಳಿಸಬಹುದು, ಮರ ಉರುಳಿಸುವಂತಿಲ್ಲ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳನ್ನು ನೋಡಿ ವರದಿ ಬರೆದರು. 171 ಕಾನುಗಳು, ಒಟ್ಟು 32 ಸಾವಿರ ಎಕರೆಗೂ ಹೆಚ್ಚು. ಒಂದೇ ತಾಲ್ಲೂಕಿನಲ್ಲಿ! ಒಂದೂವರೆ ಶತಮಾನದಲ್ಲಿ ಅವುಗಳಲ್ಲಿ ಎಷ್ಟೋ ಗದ್ದೆಯಾದವು, ತೋಟವಾದವು, ಅಕೇಶಿಯ ನೆಡುತೋಪಾದವು, ಬಗರ್‌ಹುಕುಂ ಅರ್ಜಿಗಳಲ್ಲಿ ಕರಗಿದವು. ಕಾನಿನ ಬುಡದ ಜಲವನ್ನು ನಂಬಿದ ಕೆರೆಗಳು, ಕೆರೆಗಳನ್ನು ನಂಬಿದ ದಂಡಾವತಿ, ವರದೆಯರ ಹರಿವು ಏನಾಯಿತು ಎನ್ನುವುದನ್ನು ಮಾರ್ಚ್ ತಿಂಗಳಲ್ಲಿ ಸೇತುವೆಯ ಮೇಲೆ ನಿಂತು ನೋಡಿ.

ಕೆರೆಯೆಂದ ಮೇಲೆ ಕೆರೆಬೇಟೆ ನೆನಪಾಗುತ್ತದೆ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಊರವರು ದಿನ ಗೊತ್ತು ಮಾಡಿ, ಕೂಣಿಗೆ ಇಷ್ಟೆಂದು ದುಡ್ಡು ಕಟ್ಟಿಸಿಕೊಂಡು, ಒಂದೇ ಕೂಗಿಗೆ ನೂರಾರು ಜನ ಕೆಸರಿಗೆ ಇಳಿಯುವ ಆಟ. ಬಿದಿರಿನ ಕೂಣಿಯನ್ನು ಕೆಸರಿಗೆ ಒತ್ತಿ, ಮೇಲಿನ ಕಿಂಡಿಯಿಂದ ಕೈ ಬಿಟ್ಟು ತಡಕುವಾಗ ಒಳಗೆ ಸಿಕ್ಕಿದ್ದು ಮೀನೋ ಹಾವೋ ಎನ್ನುವುದು ಕೈಗೇ ಗೊತ್ತಾಗಬೇಕು. ಅಂದು ಸಂಜೆ ಊರಿನ ಎಷ್ಟೋ ಮನೆಗಳಲ್ಲಿ ಮೀನಿನ ಸಾರು, ಪಕ್ಕದೂರಿನ ನೆಂಟರು, ಬೇಟೆಯಲ್ಲಿ ಯಾರು ಜಾರಿಬಿದ್ದರು ಎಂಬ ನಗೆ. ಅದೇ ಕೆರೆಯನ್ನು ಗುತ್ತಿಗೆಗೆ ಹರಾಜು ಹಾಕಿದರೆ ಲೆಕ್ಕದ ಪುಸ್ತಕಕ್ಕೆ ಸಂತೋಷ. ರಶೀದಿ ಬಂತು, ಟನ್ನು ಬಂತು, ಲಾರಿ ಬಂತು. ಊರಿಗೆ ಬಂದದ್ದೇನು, ಹೋದದ್ದೇನು? ಗುತ್ತಿಗೆಯೇ ಬೇಡವೆನ್ನುವ ಹಟ ನನ್ನದಲ್ಲ, ಆ ದುಡ್ಡಿನಲ್ಲಿ ಕೆರೆಯ ಹೂಳು ತೆಗೆಸಿದ ಊರೂ ಉಂಟು. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ ಎನ್ನುತ್ತೇನೆ.

ಹಾಗೆಂದು ಹಿಂದಿನ ಕಾಲವೇ ಚೆನ್ನಾಗಿತ್ತು ಎನ್ನುವ ಮುದುಕರನ್ನು ನಂಬಬೇಡಿ, ನಾನೂ ಮುದುಕನೇ. ಹಿಂದಿನ ಕಾಲದಲ್ಲಿ ಬಾಣಂತಿಯರು ಸಾಯುತ್ತಿದ್ದರು, ಕಾಲರಾ ಬರುತ್ತಿತ್ತು, ಗೇಣಿ ಅಳೆದ ಮೇಲೆ ಮಳೆಗಾಲಕ್ಕೆ ಅಕ್ಕಿ ಸಾಲ ತರಬೇಕಿತ್ತು. ಭತ್ತದ ಗದ್ದೆಗೆ ಅಡಿಕೆ ಹಾಕಿದವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಿಮ್ಮಲ್ಲಿ ಅರ್ಧ ಜನ ಬೆಂಗಳೂರಿನಲ್ಲಿ ಕೂತಿರುವುದು ಅದೇ ಅಡಿಕೆಯ ದುಡ್ಡಿನಿಂದ. ಆದಾಯ ಬೇಕು, ಮಾರಾಯ್ರೆ. ಬಡತನಕ್ಕೆ ಹಾರ ಹಾಕುವವರು ಸಾಮಾನ್ಯವಾಗಿ ಅದನ್ನು ಉಂಡವರಲ್ಲ.

ಆದರೆ ಈ ತಾಲ್ಲೂಕುಗಳಲ್ಲಿ ನನ್ನ ಕಣ್ಣಮುಂದೆ ಆದ ಅತಿ ದೊಡ್ಡ ಬದಲಾವಣೆ ಯಾವ ಉತ್ಪನ್ನದ ಅಂಕಿಯಲ್ಲೂ ಕಾಣುವುದಿಲ್ಲ. 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಗೇಣಿದಾರರು ಉಳುವ ಗದ್ದೆ ತಮ್ಮದಾಗಲೆಂದು ಫಾರಂ ನಂ. 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತರು. ದೇವರಾಜ ಅರಸರ ಕಾಲ. ಅರ್ಜಿ ಮಂಜೂರಾದ ದಿನ ಗದ್ದೆಯಲ್ಲಿ ಒಂದು ತೆನೆಯೂ ಹೆಚ್ಚು ಬಿಡಲಿಲ್ಲ. ನಮ್ಮ 5 ಮೀಟರ್ ಚೌಕದಲ್ಲಿ ಬಂದದ್ದು ಅದೇ ತೂಕದ ಭತ್ತ. ಅಂಗಳದ ಕೆಳಗೆ ಕೈಕಟ್ಟಿ ನಿಲ್ಲುತ್ತಿದ್ದವನು ಜಗುಲಿಗೆ ಹತ್ತಿ ಕುಳಿತದ್ದು, ಮಗಳನ್ನು ಆನವಟ್ಟಿಯ ಹೈಸ್ಕೂಲಿಗೆ ಕಳಿಸಿದ್ದು, ಪಂಚಾಯಿತಿ ಚುನಾವಣೆಗೆ ನಿಂತದ್ದು, ಇವನ್ನು ತೂಗುವ ತಕ್ಕಡಿ ನಮ್ಮ ಇಲಾಖೆಯಲ್ಲಿ ಇರಲಿಲ್ಲ. ಕಾನೂನು ಎಲ್ಲರ ಬಾಗಿಲಿಗೂ ಬರಲಿಲ್ಲ ಎನ್ನುವುದೂ ನಿಜ. ಕೂಲಿ ಮಾಡುವವರ ಹೆಸರಿನಲ್ಲಿ ಗೇಣಿ ಚೀಟಿಯೇ ಇರಲಿಲ್ಲ, ಅವರಿಗೆ ಫಾರಂ 7 ಯಾವ ಉಪಯೋಗಕ್ಕೆ?

ಅಂಕಿಯಲ್ಲಿ ಕಾಣದ್ದು ಇನ್ನೇನಿದೆ ಎಂದು ಶರಾವತಿಯ ಮುಳುಗಡೆಯವರನ್ನು ಕೇಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ನಾಡಿಗೆ ಬೆಳಕು ಬಂತು, ರಾಜ್ಯದ ಉತ್ಪನ್ನಕ್ಕೆ ಏಣಿ ಸಿಕ್ಕಿತು. ಮನೆ, ಗದ್ದೆ ಬಿಟ್ಟು ಎದ್ದು ಬಂದು ಜಿಲ್ಲೆಯ ಕಾಡಂಚುಗಳಲ್ಲಿ ಬೀಡುಬಿಟ್ಟವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರದ ಫೈಲು ಹಿಡಿದು ಕಚೇರಿ ಅಲೆಯುತ್ತಿದ್ದಾರೆ.

ಅಂಕಿಯೊಂದು ಗುರಿಯಾಗಿಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೂ ನಮ್ಮ ಸೀಮೆಯೇ ಸಾಕ್ಷಿ. ಮುಂದೆ ಅಧಿಕಾರಿಗಳಾಗುವವರು ಇದನ್ನು ಗಮನವಿಟ್ಟು ಓದಿ. ಮೂರನೆಯ ಕೃಷ್ಣರಾಜ ಒಡೆಯರ ಕಾಲದಲ್ಲಿ ಶರತ್ತು ಎಂಬ ಪದ್ಧತಿ ಇತ್ತು. ಅಮಲ್ದಾರನಾದವನು ತನ್ನ ತಾಲ್ಲೂಕಿನಿಂದ ಇಷ್ಟು ಕಂದಾಯ ತಂದುಕೊಡುತ್ತೇನೆಂದು ಕರಾರು ಬರೆದುಕೊಡಬೇಕು. ಹೆಚ್ಚು ತಂದರೆ ಶಾಭಾಸ್‌ಗಿರಿ, ಕಡಿಮೆ ಬಿದ್ದರೆ ತಾನೇ ತುಂಬಬೇಕು. ಖಜಾನೆಯ ಅಂಕಿ ಏರಿದರೆ ರಾಜ್ಯ ಸುಖವಾಗಿದೆ ಎಂದು ಅರಮನೆ ತಿಳಿಯಿತು. ರೈತನ ಬೆನ್ನ ಮೇಲೆ ಬಾಸುಂಡೆ ಏರುತ್ತಿದ್ದದ್ದು ಅರಮನೆಗೆ ಕಾಣುವಂತಿರಲಿಲ್ಲ. 1830ರಲ್ಲಿ ನಮ್ಮ ಈ ಭಾಗದ ನಗರ ಸೀಮೆಯ ರೈತರು ಕೂಟ ಸೇರಿದರು, ಕಂದಾಯ ಕೊಡುವುದಿಲ್ಲವೆಂದರು, ಬೂದಿ ಬಸವಪ್ಪ ನಗರದ ಗದ್ದುಗೆ ತನ್ನದೆಂದು ಎದ್ದು ನಿಂತ. ಅದೇ ನೆಪದಲ್ಲಿ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಕಿತ್ತುಕೊಂಡರು. ಒಂದೇ ಒಂದು ಅಂಕಿಯನ್ನು ನಂಬಿ ಕೂತದ್ದಕ್ಕೆ ರಾಜ್ಯ ಕೊಟ್ಟ ಬೆಲೆ ಅದು.

ಅಳತೆಯನ್ನು ಬೇರೆ ರೀತಿಯಲ್ಲೂ ಮಾಡಬಹುದಿತ್ತು, ಅದೂ ಇದೇ ನೆಲದಲ್ಲಿ ಆಗಿತ್ತು. ಕೆಳದಿಯ ಶಿವಪ್ಪನಾಯಕ 1645ರಿಂದ 1660ರವರೆಗೆ ಆಳಿದವನು. ಅವನು ಊರೂರಿನಲ್ಲಿ ಬಗೆಬಗೆಯ ಮಣ್ಣಿನ ಗದ್ದೆಯನ್ನು ಆರಿಸಿ, ತನ್ನ ಖರ್ಚಿನಲ್ಲೇ ಹನ್ನೆರಡು ವರ್ಷ ಬೇಸಾಯ ಮಾಡಿಸಿ, ಬಿತ್ತಿದ್ದೆಷ್ಟು, ಖರ್ಚೆಷ್ಟು, ಬೆಳೆದದ್ದೆಷ್ಟು, ಬೆಲೆಯೆಷ್ಟು ಎಂದು ಸರಾಸರಿ ತೆಗೆದು ಆಮೇಲೆ ಶಿಸ್ತು ಎಂಬ ಕಂದಾಯವನ್ನು ಗೊತ್ತುಮಾಡಿದ ಎಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಬರಗಾಲದ ವರ್ಷವೂ ಅದರಲ್ಲಿ ಸೇರಿತ್ತು, ಸಮೃದ್ಧಿಯ ವರ್ಷವೂ ಸೇರಿತ್ತು. ಮೂರು ತಿಂಗಳಿಗೊಮ್ಮೆ ಬರುವ ಬೆಳವಣಿಗೆ ದರಕ್ಕೆ ಹಬ್ಬ ಮಾಡುವವರು ಆ ಹನ್ನೆರಡು ವರ್ಷವನ್ನು ನೆನೆಯಬೇಕು.

ಇನ್ನೊಂದು ಮಾತಿಗೆ ಬರುತ್ತೇನೆ, ನನಗೆ ಇದೇ ಮುಖ್ಯ. ಶಿಕಾರಿಪುರ ತಾಲ್ಲೂಕಿನಲ್ಲಿ ಎರಡು ಕಲ್ಲುಗಳಿವೆ, ಎರಡನ್ನೂ ನೀವು ಸೆಲ್ಫಿಗೆ ಬಳಸಿದ್ದೀರಿ. ಒಂದು ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬ. ಐದನೆಯ ಶತಮಾನದ್ದು, ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿ ತಾನೇ ಕಲ್ಲಿನ ಮೇಲೆ ಬರೆದದ್ದು. ಮಯೂರಶರ್ಮ ಓದಲೆಂದು ಕಂಚಿಗೆ ಹೋದದ್ದು, ಪಲ್ಲವರ ಕುದುರೆಯವನೊಡನೆ ಜಗಳ, ಕತ್ತಿ ಹಿಡಿದದ್ದು, ಕದಂಬ ವಂಶ ಬೆಳೆದದ್ದು ಎಲ್ಲ ಅದರಲ್ಲಿದೆ. ಅಷ್ಟೆಲ್ಲ ಹೇಳಿ ಆ ಶಾಸನ ದಾಖಲಿಸುವ ಕೆಲಸ ಯಾವುದು ಗೊತ್ತೇ? ಕಾಕುತ್ಸ್ಥವರ್ಮ ಆ ಗುಡಿಯ ಬಳಿ ಒಂದು ಕೆರೆ ತೋಡಿಸಿದ್ದು. ಯುದ್ಧಗಳೆಲ್ಲ ಪೀಠಿಕೆ, ಕೆರೆಯೇ ವಿಷಯ.

ಇನ್ನೊಂದು ಬಳ್ಳಿಗಾವಿಯದು, 1162ರದ್ದು, ಬಿಜ್ಜಳನ ಕಾಲದ್ದು. ಕೇದಾರೇಶ್ವರಕ್ಕೆ ಸೇರಿದ ಕೋಡಿಮಠದ ವರ್ಣನೆ ಅದರಲ್ಲಿದೆ. ಇದು ವೇದಗಳನ್ನು ಓದುವ ಜಾಗ, ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳನ್ನು ಕಲಿಸುವ ಜಾಗ, ಷಡ್ದರ್ಶನ, ಪುರಾಣ, ಕಾವ್ಯ, ನಾಟಕಗಳ ಜಾಗ ಎಂದು ಶುರುವಾಗುತ್ತದೆ. ಮುಂದೆ ಓದಿ. ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಸಿಗುವ ಜಾಗ. ಹಾಡುವವರಿಗೆ, ವಾದ್ಯ ನುಡಿಸುವವರಿಗೆ, ಕುಣಿಯುವವರಿಗೆ, ತರತರದ ಸನ್ಯಾಸಿಗಳಿಗೆ, ಜೈನ ಕ್ಷಪಣಕರಿಗೂ ಸೇರಿ, ಊಟ ಹಾಕುವ ಜಾಗ. ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ಸಿಗುವ ಜಾಗ. ಎಲ್ಲ ಜೀವಿಗಳಿಗೂ ಅಭಯ ಸಿಗುವ ಜಾಗ. ಕಾಳಾಮುಖ ಶೈವರ ಮಠವೊಂದು ತನ್ನ ಬಗ್ಗೆ ಹೇಳಿಕೊಂಡದ್ದು ಇದು.

ಇತಿಹಾಸ ಓದಿದವರು ತಕ್ಷಣ ಕೈ ಎತ್ತುತ್ತೀರಿ, ಗೊತ್ತು. ಅದು ಪ್ರಶಸ್ತಿ ಶಾಸನ, ಹೊಗಳಿಕೆ, ಅಷ್ಟೆಲ್ಲ ನಡೆಯುತ್ತಿತ್ತು ಎನ್ನುವುದಕ್ಕೆ ಏನು ಪುರಾವೆ? ಒಪ್ಪಿದೆ. ಮಠಕ್ಕೆ ದತ್ತಿಯಾಗಿ ಬಂದ ಊರುಗಳ ರೈತರು ಏನು ಉಂಡರು ಎನ್ನುವುದನ್ನೂ ಅದು ಹೇಳುವುದಿಲ್ಲ. ಆದರೆ ಉತ್ಪ್ರೇಕ್ಷೆಯೇ ಇರಲಿ, ಯಾವುದನ್ನು ಉತ್ಪ್ರೇಕ್ಷಿಸಿದ್ದಾರೆ ನೋಡಿ. ಆ ಕಾಲದ ಬಳ್ಳಿಗಾವಿ ಸಣ್ಣ ಊರಲ್ಲ, ದೊಡ್ಡ ವ್ಯಾಪಾರದ ಪಟ್ಟಣ, ಕೊಚ್ಚಿಕೊಳ್ಳಲು ಬೇಕಾದಷ್ಟು ಹಣವಿತ್ತು. ಆದರೂ ಒಂದು ಸಂಸ್ಥೆ ಕಲ್ಲಿನ ಮೇಲೆ ಜಂಭ ಕೊಚ್ಚಿಕೊಳ್ಳುವಾಗ ಕುರುಡನ ತಟ್ಟೆ, ರೋಗಿಯ ಹಾಸಿಗೆ, ವಿದ್ಯಾರ್ಥಿಯ ವ್ಯಾಕರಣ ಇವನ್ನು ಎಣಿಸಿತು. ಅದನ್ನು ಹೇಳಿದರೆ ಊರವರು ತಲೆದೂಗುತ್ತಾರೆ ಎಂಬ ನಂಬಿಕೆ ಬರೆಸಿದವನಿಗೆ ಇತ್ತು.

ಈಗ ಅದೇ ರಸ್ತೆಯ ಫ್ಲೆಕ್ಸುಗಳನ್ನು ಓದಿಕೊಂಡು ಬನ್ನಿ. ಇಷ್ಟು ಕೋಟಿ ಅನುದಾನ, ಅಷ್ಟು ಕೋಟಿ ಕಾಮಗಾರಿ, ಕೆಳಗೆ ಸಾಲಾಗಿ ಮುಖಗಳು. ಯಾವ ಪಕ್ಷದ್ದಾದರೂ ಅಷ್ಟೆ, ಈ ಎರಡು ತಾಲ್ಲೂಕುಗಳು ಮುಖ್ಯಮಂತ್ರಿಗಳನ್ನು ಕೊಟ್ಟಿವೆ, ಫ್ಲೆಕ್ಸಿನ ವ್ಯಾಕರಣ ಮಾತ್ರ ಬದಲಾಗಲಿಲ್ಲ. ಬಂದ ಹಣವನ್ನು ಎಣಿಸುತ್ತೇವೆ, ಆ ಹಣ ಯಾರ ಬದುಕಿನಲ್ಲಿ ಏನು ಮಾಡಿತು ಎನ್ನುವುದನ್ನು ಎಣಿಸುವುದಿಲ್ಲ. ಈ ವರ್ಷ ನಮ್ಮ ತಾಲ್ಲೂಕಿನಲ್ಲಿ ಮಂಗನ ಕಾಯಿಲೆಯಿಂದ ಒಬ್ಬರೂ ಸಾಯಲಿಲ್ಲ ಎಂದು ಯಾರಾದರೂ ಫ್ಲೆಕ್ಸ್ ಹಾಕಿದ್ದನ್ನು ನಾನು ನೋಡಿಲ್ಲ. ಹತ್ತನೇ ತರಗತಿಗೆ ಮುಂಚೆ ಶಾಲೆ ಬಿಟ್ಟ ಹುಡುಗಿ ಒಬ್ಬಳೂ ಇಲ್ಲ ಎಂದು ಹಾಕಿದ್ದನ್ನೂ ನೋಡಿಲ್ಲ. ನೀವು ಯಾವುದಕ್ಕೆ ಚಪ್ಪಾಳೆ ತಟ್ಟುತ್ತೀರೋ ಅದನ್ನೇ ನಾಳೆಯೂ ಬರೆಸುತ್ತಾರೆ.

ಬೇರೆ ಅಳತೆಗಳು ಇಲ್ಲವೆಂದಲ್ಲ. 1990ರಲ್ಲಿ ಮೆಹಬೂಬ್ ಉಲ್ ಹಕ್, ಅಮರ್ತ್ಯ ಸೇನ್ ಮುಂತಾದವರು ಆಯುಷ್ಯ, ವಿದ್ಯೆ, ಆದಾಯ ಮೂರನ್ನೂ ಸೇರಿಸಿ ಮಾನವ ಅಭಿವೃದ್ಧಿ ಸೂಚ್ಯಂಕ ತಂದರು. ಕರ್ನಾಟಕ 1999ರಲ್ಲಿ ತನ್ನದೇ ಮೊದಲ ಮಾನವ ಅಭಿವೃದ್ಧಿ ವರದಿ ತಂದಿತು, 2005ರಲ್ಲಿ ಇನ್ನೊಂದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು 114 ಹಿಂದುಳಿದಿವೆ ಎಂದಿತು. ಜಿಲ್ಲೆಯ ಸರಾಸರಿಯ ಮರೆಯಲ್ಲಿ ಅಡಗಿದ್ದ ತಾಲ್ಲೂಕುಗಳು ಮೊದಲ ಸಲ ಒಂದೊಂದಾಗಿ ಕಣ್ಣಿಗೆ ಬಿದ್ದವು. ಒಳ್ಳೆಯ ಕೆಲಸ. ಅದರ ಬೆನ್ನಿಗೇ, ನಾವು ಹಿಂದುಳಿದ ಪಟ್ಟಿಯಲ್ಲಿದ್ದರೆ ಅನುದಾನ ಬರುತ್ತದಲ್ಲ ಎಂದು ಹಿಂದುಳಿಯಲು ಪೈಪೋಟಿಯೂ ಶುರುವಾಯಿತು. ನಮ್ಮ ಜನ ಯಾವ ಕೊಳಗವನ್ನೂ ಸುಮ್ಮನೆ ಬಿಡುವವರಲ್ಲ.

ಭೂತಾನದ ಒಟ್ಟು ರಾಷ್ಟ್ರೀಯ ಸಂತೋಷದ ಬಗ್ಗೆ ನೀವು ವಾಟ್ಸ್ಯಾಪಿನಲ್ಲಿ ಓದಿರುತ್ತೀರಿ. ನನಗೂ ಆ ಯೋಚನೆ ಇಷ್ಟವೇ. ನಿದ್ದೆ, ನೆರೆಹೊರೆ, ಕಾಡು ಎಲ್ಲವನ್ನೂ ಕೇಳಿ ಬರೆದುಕೊಳ್ಳುತ್ತಾರೆ. ಆದರೆ 1990ರ ದಶಕದಲ್ಲಿ ಅದೇ ದೇಶದಿಂದ ನೇಪಾಳಿ ಮಾತನಾಡುವ ಸುಮಾರು ಒಂದು ಲಕ್ಷ ಜನ ಹೊರದೂಡಲ್ಪಟ್ಟು ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಬಿದ್ದಿದ್ದರು. ಸಂತೋಷದ ಸಮೀಕ್ಷೆಗೆ ಹೊರಟವರು ಅವರ ಗುಡಾರದ ಬಾಗಿಲು ತಟ್ಟಲಿಲ್ಲ. ಹೊಸ ಸೂಚ್ಯಂಕ ಯಾವುದೇ ಬರಲಿ, ಅದರಲ್ಲಿ ಕೇಳದೆ ಬಿಟ್ಟವರು ಯಾರು ಎಂದು ಮೊದಲು ಹುಡುಕಿ.

ನಿಮ್ಮ ಕೈಯಲ್ಲಿ ಏನಿದೆ ಎಂದು ಕೇಳುತ್ತೀರಿ. ದಿಲ್ಲಿಯ ಜಿಡಿಪಿ ಬದಲಿಸಲು ನಿಮ್ಮಿಂದಾಗದು, ನಿಮ್ಮ ಗ್ರಾಮ ಪಂಚಾಯಿತಿಯ ಲೆಕ್ಕ ಬದಲಿಸಬಹುದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಊರಿನ ಕೆರೆ, ಕಾನು, ಮರ, ಮೀನು, ಔಷಧಿ ಬಲ್ಲ ಅಜ್ಜಿ ಎಲ್ಲ ಅದರಲ್ಲಿ ಬರಬೇಕು. ಆ ಪುಸ್ತಕ ತೋರಿಸಿ ಎಂದು ಕೇಳಿ. ಬೀರುವಿನಲ್ಲಿದ್ದರೆ ಧೂಳು ಒರೆಸಿ ಓದಿ, ಕೂತಲ್ಲೇ ಬರೆದದ್ದೋ ನಡೆದು ನೋಡಿ ಬರೆದದ್ದೋ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಬೇಸಿಗೆ ರಜೆಗೆ ಬಂದಾಗ ನಾಲ್ಕು ಜನ ಸೇರಿ ಒಂದು ಕೆಲಸ ಮಾಡಿ. ಊರಿನ ಹಿರಿಯರನ್ನು ಕೂರಿಸಿ ಸುತ್ತಿನ ಕಾನುಗಳ ಹೆಸರು ಬರೆಸಿಕೊಳ್ಳಿ. ಒಂದೊಂದಕ್ಕೂ ಹೋಗಿ ಬನ್ನಿ, ಕಾಲಿಗೆ ಎಣ್ಣೆ ಹಚ್ಚಿಕೊಂಡು, ಉಣುಗು ಇದ್ದೀತು. ಜಲ ಇದೆಯೋ, ಯಾವ ತಿಂಗಳವರೆಗೆ ಇರುತ್ತದೆ, ಮೆಣಸು ಯಾರು ಕೊಯ್ಯುತ್ತಾರೆ, ಪಹಣಿಯಲ್ಲಿ ಆ ಸರ್ವೆ ನಂಬರಿನ ಎದುರು ಈಗ ಯಾರ ಹೆಸರಿದೆ, ಇಷ್ಟು ಸಾಕು. ಅದರ ಜೊತೆಗೆ ಊರಿನಲ್ಲಿ ಒಂಟಿಯಾಗಿರುವ ಮುದುಕರು ಯಾರು, ವೃದ್ಧಾಪ್ಯ ವೇತನ ನಿಂತವರು ಯಾರು, ನೀರಿಗೆ ದೂರ ನಡೆಯುವ ಮನೆ ಯಾವುದು ಎಂದೂ ಬರೆಯಿರಿ. ಹೆಂಗಸರನ್ನು ಕೇಳಿ ಬರೆಯಿರಿ, ಕಟ್ಟೆಯ ಮೇಲೆ ಕೂತ ಗಂಡಸರನ್ನು ಕೇಳಿದರೆ ನೀರು ಎಲ್ಲಿಂದ ಬರುತ್ತದೆ ಎನ್ನುವುದೇ ಅವರಿಗೆ ಗೊತ್ತಿರುವುದಿಲ್ಲ. ಗ್ರಾಮಸಭೆಯ ದಿನ ಅದನ್ನು ಎದ್ದು ನಿಂತು ಓದಿ. ಗಲಾಟೆಯಾದೀತು, ಕಾನಿನಲ್ಲಿ ತೋಟ ಮಾಡಿದವರು ನಿಮ್ಮ ದೊಡ್ಡಪ್ಪನೇ ಆಗಿರಬಹುದು. ಓದಿದ್ದನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಪುಟದ ನಂಬರು ಗುರುತು ಹಾಕಿಕೊಂಡು, ಕಾರ್ಯದರ್ಶಿಯ ಸಹಿ ಬೀಳುವ ತನಕ ಎದ್ದು ಬರಬೇಡಿ.